ಪ್ರೋತ್ಸಾಹಕ್ಕೆ ಸಿಕ್ಕ ಹುಡುಗಿ

ನಮ್ಮ ಭಾವನವರು ಕಾಲೇಜಿನಲ್ಲಿ ಅರ್ಥಶಾಸ್ತ್ರದ ಮೇಷ್ಟ್ರಾಗಿದ್ದವರು. ಉದ್ದನೆಯ ಕಾರಿಡಾರಿನ ತುದಿಯಲ್ಲಿ, ಮುರಿದ ಬೆಂಚುಗಳನ್ನು ರಾಶಿ ಹಾಕುವ ಕೋಣೆಯ ಪಕ್ಕದಲ್ಲಿ ಅವರ ತರಗತಿ. ಎರಡು ಕೋಣೆಗೂ ಇದ್ದ ವ್ಯತ್ಯಾಸ ಇಷ್ಟೇ, ಮುರಿದ ಬೆಂಚುಗಳ ಕೋಣೆ ಯಾವಾಗಲೂ ತುಂಬಿರುತ್ತಿತ್ತು.

ಅರ್ಥಶಾಸ್ತ್ರಕ್ಕೆ ಬರುತ್ತಿದ್ದವರು ಯಾರು? ಬೇರೆ ಯಾವುದಕ್ಕೂ ಸೀಟು ಸಿಗದವರು, ಅಪ್ಪನ ಅಂಗಡಿಯ ಗಲ್ಲಾಪೆಟ್ಟಿಗೆ ಮುಂದೆ ಕೂರುವ ಮುಂಚೆ ಮೂರು ವರ್ಷ ಎಲ್ಲಾದರೂ ನೆರಳಿನಲ್ಲಿರೋಣ ಎಂದು ಬಂದವರು. ಭಾವನವರು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಶುರುಮಾಡುತ್ತಿದ್ದರು.

"ಬಡತನದ ಪಾಠ ಮಾಡ್ತೀನಿ ಕಣಯ್ಯ, ಬಡತನ ಕಂಡವರು ಒಬ್ಬರೂ ಕ್ಲಾಸಲ್ಲಿಲ್ಲ. ನಿರುದ್ಯೋಗದ ಪಾಠ ಮಾಡ್ತೀನಿ, ಹುಟ್ಟುವಾಗಲೇ ಉದ್ಯೋಗ ಹಿಡ್ಕೊಂಡು ಬಂದವರು ಕೂತು ಆಕಳಿಸ್ತಾರೆ. ಕೂಲಿ ಹೆಣ್ಣಾಳಿನ ದುಡಿಮೆ ಬಗ್ಗೆ ಹೇಳ್ತೀನಿ, ಹೆಣ್ಣುಮಗಳೊಬ್ಬಳೂ ಇಲ್ಲ. ಮೀನಿನ ಬಗ್ಗೆ ಒಂಟೆಗಳಿಗೆ ಹೇಳ್ದ ಹಾಗಾಗಿದೆ ನನ್ನ ಬಾಳು."

"ಹಾಗಾದ್ರೆ ಮೀನಿದ್ದ ಕಡೆ ಹೋಗಿ," ಎಂದಳು ಅಕ್ಕ, ಅಂದರೆ ಅವರ ಹೆಂಡತಿ. "ಇಲ್ಲಿ ನನ್ನ ಮುಂದೆ ಕೂತು ಬಲೆ ಬೀಸಿದ್ರೆ ಏನು ಬಂತು?"

ಅಕ್ಕ ಹೇಳಿದ್ದನ್ನು ಮದುವೆಯಾದ ಮೇಲೆ ಭಾವನವರು ಪಾಲಿಸಿದ್ದು ಬಹುಶಃ ಅದೇ ಮೊದಲು. ಮರುವಾರದಿಂದ ಸ್ಕೂಟರ್ ಹತ್ತಿ, ಊರಿನ ಆಚೆ ಬದಿಯ ಸರಕಾರಿ ಜೂನಿಯರ್ ಕಾಲೇಜುಗಳನ್ನು ಸುತ್ತತೊಡಗಿದರು. ಅವರ ಕಾಲೇಜಿನವರು ಯಾರೂ ಆ ಕಡೆ ಹೋಗುತ್ತಿರಲಿಲ್ಲ. ಹೋಗುವುದಾದರೂ ಚುನಾವಣೆ ಡ್ಯೂಟಿಗೆ.

ಅವರದೊಂದು ರೀತಿಯಿತ್ತು. ಚಾಕ್‌ಪೀಸು ಮುಟ್ಟುತ್ತಿರಲಿಲ್ಲ. "ನಾನು ಪಾಠ ಮಾಡೋಕೆ ಬಂದಿಲ್ಲ. ನಿಮ್ಮ ಬೀದೀಲಿ ದಿನಾ ನೋಡ್ತಾ ಇದ್ರೂ ನಿಮಗೆ ಅರ್ಥ ಆಗದೇ ಇರೋದು ಏನಾದ್ರೂ ಇದ್ರೆ ಹೇಳಿ," ಎಂದು ಮೇಜಿನ ಅಂಚಿಗೆ ಒರಗಿ ನಿಲ್ಲುತ್ತಿದ್ದರು. ಒಂದು ಕಡೆ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತಂತೆ: "ಸಾರ್, ಇಂಗ್ಲಿಷ್ ಮೇಷ್ಟ್ರು ನಮಗೇ ಯಾಕೆ ಜಾಸ್ತಿ ಹೊಡೀತಾರೆ?" ಭಾವನವರು, "ಅದು ಅರ್ಥಶಾಸ್ತ್ರ ಅಲ್ಲಪ್ಪ, ಅಪರಾಧಶಾಸ್ತ್ರ," ಎಂದು ತರಗತಿಯನ್ನು ನಗಿಸಿದರು. ಆ ನಗುವಿನ ನಡುವೆಯೇ ಒಬ್ಬ ಹುಡುಗಿ ಎದ್ದು ನಿಂತಳು.

"ಸಾರ್, ನಮ್ಮಪ್ಪಂದು ಪಂಕ್ಚರ್ ಅಂಗಡಿ. ಗೋಡೆಗೆ ಗೋಡೆ ಅಂಟಿಕೊಂಡು ಇನ್ನೊಂದು ಪಂಕ್ಚರ್ ಅಂಗಡಿ ಇದೆ. ಇಬ್ಬರಿಗೂ ಮಾತಿಲ್ಲ. ಅಪ್ಪನಿಗೆ ಜ್ವರ ಬಂದು ಅಂಗಡಿ ಮುಚ್ಚಿದ್ರೆ ಆ ಪಕ್ಕದವರಿಗೆ ವ್ಯಾಪಾರ ಹೆಚ್ಚಬೇಕು ತಾನೆ? ಕಡಿಮೆ ಆಗತ್ತೆ ಸಾರ್. ಯಾಕೆ?"

"ಅವರಿಗೆ ಕಡಿಮೆ ಆಗತ್ತೆ ಅಂತ ನಿನಗೆ ಹೇಗಮ್ಮ ಗೊತ್ತು?"

"ಗೋಡೆ ತೆಳ್ಳಗಿದೆ ಸಾರ್. ಅವರ ಹೆಂಡತಿ ಬೈಯೋದು ನಮಗೆ ಕೇಳತ್ತೆ."

ಆ ತರಗತಿಯ ಮೇಡಂ, "ಇವಳು ಹೀಗೇ ಸಾರ್, ಎಲ್ಲದಕ್ಕೂ ಯಾಕೆ ಯಾಕೆ ಅಂತಿರ್ತಾಳೆ. ಮನೇಲೂ ಇವಳನ್ನ ಯಾಕಮ್ಮ ಅಂತಲೇ ಕರೆಯೋದಂತೆ, ಕ್ಷಮಿಸಿ," ಎಂದು ನಾಚಿಕೊಂಡರು. ಭಾವನವರು ಕ್ಷಮಿಸುವ ಸ್ಥಿತಿಯಲ್ಲಿ ಇರಲಿಲ್ಲ. ಕೊಡೆಯನ್ನು ಅಲ್ಲೇ ಮರೆತು, ಹೆಲ್ಮೆಟ್ಟನ್ನು ಉಲ್ಟಾ ಹಾಕಿಕೊಂಡು ಮನೆಗೆ ಬಂದರು. "ಇಷ್ಟು ವರ್ಷದಲ್ಲಿ ನನ್ನ ಕ್ಲಾಸಲ್ಲಿ ಇಂಥ ಪ್ರಶ್ನೆ ಬಂದಿಲ್ಲ ಕಣಯ್ಯ! ಪಕ್ಕದ ಅಂಗಡಿ ಶತ್ರುವೂ ಹೌದು, ಗಿರಾಕಿ ಕರ್ಕೊಂಡು ಬರೋ ನೆಂಟನೂ ಹೌದು. ಆ ಮೂಲೆಗೆ ಹೋದ್ರೆ ಇಬ್ಬರಲ್ಲಿ ಒಬ್ಬನಾದ್ರೂ ಸಿಗ್ತಾನೆ ಅನ್ನೋ ನಂಬಿಕೆ ಮೇಲೆ ಜನ ಬರ್ತಾರೆ. ಒಂದು ಬಾಗಿಲು ಮುಚ್ಚಿದ್ರೆ ಆ ನಂಬಿಕೆನೇ ಸಡಿಲ. ಇದನ್ನ ಯೂನಿವರ್ಸಿಟೀಲಿ ಕೂತು ಅಧ್ಯಯನ ಮಾಡ್ತಾರೆ ಗೊತ್ತಾ?"

"ನಿಮ್ಮ ಕೊಡೆ ಎಲ್ಲಿ?" ಎಂದಳು ಅಕ್ಕ.

ಮರುದಿನ ಅವರು ಪಂಕ್ಚರ್ ಅಂಗಡಿಗೆ ಹೊರಟರು. ಕೊಡೆ ತರುವ ನೆಪದಲ್ಲಿ ನಾನೂ ಹಿಂದೆ ಕೂತೆ. ಅಂಗಡಿಯೆಂದರೆ ಒಂದು ತಗಡಿನ ಮಾಡು, ಗೋಡೆಗೆ ನೇತುಹಾಕಿದ ಟಯರುಗಳು, ಕಪ್ಪು ನೀರಿನ ಒಂದು ತೊಟ್ಟಿ. ಯಾಕಮ್ಮನ ಅಪ್ಪ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿಂದ ಏಳುತ್ತದೆಂದು ನೋಡುತ್ತಿದ್ದರು. ನಮ್ಮೊಂದಿಗೆ ಮಾತಾಡುವಾಗಲೂ ಕಣ್ಣು ಗುಳ್ಳೆಯ ಮೇಲೇ.

"ಅರ್ಥಶಾಸ್ತ್ರ ಓದಿದ್ರೆ ಏನಾಗ್ತಾಳೆ ಮೇಷ್ಟ್ರೇ?"

"ಅರ್ಥಶಾಸ್ತ್ರಜ್ಞೆ ಆಗ್ತಾಳೆ."

"ಅದು ಎಲ್ಲಿ ಕೂತು ಮಾಡೋ ಕೆಲಸ?"

ಭಾವನವರು ಗಂಟಲು ಸರಿಮಾಡಿಕೊಂಡರು. ದೇಶದ ಯೋಜನೆ, ಬೆಲೆ, ಕೂಲಿ, ಬ್ಯಾಂಕು ಎಂದು ದೊಡ್ಡದೊಂದು ವಿವರಣೆ ಕೊಟ್ಟರು. ಅದರಲ್ಲಿ ಎಲ್ಲವೂ ಇತ್ತು, ಕೂರುವ ಜಾಗವೊಂದನ್ನು ಬಿಟ್ಟು. ಪಕ್ಕದ ಅಂಗಡಿಯವನು ಈ ಕಡೆಯವರೊಂದಿಗೆ ಮಾತು ಬಿಟ್ಟವನಾದ್ದರಿಂದ ತನ್ನ ಕೈಯಲ್ಲಿದ್ದ ಟಯರಿಗೆ ಹೇಳಿದ: "ಕೆಲವರ ಮನೆಗೆ ಅದೃಷ್ಟ ಸ್ಕೂಟರ್ ಮೇಲೆ ಬರತ್ತಪ್ಪ. ಅವರು ಗಾಳಿ ತುಂಬಿಸಿ ವಾಪಸ್ ಕಳಿಸಿಬಿಡ್ತಾರೆ."

ಅಪ್ಪ ಕೇಳದವರಂತೆ ಟ್ಯೂಬು ತಿರುಗಿಸಿದರು. "ನೋಡಿ ಮೇಷ್ಟ್ರೇ, ಬಸ್ ಕಂಪನಿಯವರು ಟಿಕೆಟ್ ಕೌಂಟರಿಗೆ ತಗೋತೀವಿ ಅಂದಿದ್ದಾರೆ. ಅವಳ ಹಿಂದೆ ಇನ್ನಿಬ್ಬರು ಇದ್ದಾರೆ. ಡಿಗ್ರಿ ಮುಗಿಯೋವರೆಗೂ ನಾನು ತಡ್ಕೋತೀನಿ. ಆಮೇಲೆ ನೀವು ಹೇಳೋ ಯೂನಿವರ್ಸಿಟೀಲಿ ಸೀಟು ಸಿಕ್ಕಿದ್ರೆ ಓದಲಿ, ಊಟ ಬಿಟ್ಟಾದ್ರೂ ಓದಿಸ್ತೀನಿ. ಸಿಗದಿದ್ರೆ ಕೌಂಟರು. ಇನ್ನೊಂದು ಸಲ ಪ್ರಯತ್ನ ಅಂತ ಕೇಳಬೇಡಿ, ನನ್ನ ಹತ್ತಿರ ಇರೋದು ಒಂದೇ ಸಲ."

ಬಾಗಿಲ ಮರೆಯಲ್ಲಿ ನಿಂತಿದ್ದ ಯಾಕಮ್ಮ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ತೊಡಕು ಎಲ್ಲಿದೆಯೆಂದು ಭಾವನವರಿಗೆ ಚೆನ್ನಾಗಿ ಗೊತ್ತಿತ್ತು. ಯೂನಿವರ್ಸಿಟಿಯ ಎಂ.ಎ. ಪ್ರವೇಶ ಪರೀಕ್ಷೆಯಲ್ಲಿ ಅರ್ಧಕ್ಕರ್ಧ ಗಣಿತ. ಕಲಾ ವಿಭಾಗದ ಮಕ್ಕಳಿಗೆ ಗಣಿತವೇ ಇಲ್ಲ. ಬಡವರ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು ಹೆಚ್ಚಾಗಿ ಇರುವುದು ಕಲಾ ವಿಭಾಗದಲ್ಲಿ. ಬಾಗಿಲು ತೆರೆದೇ ಇದೆ, ಹೊಸ್ತಿಲು ಮಾತ್ರ ಆಳೆತ್ತರ. ಮನೆಯಲ್ಲಿ ಟ್ಯೂಷನ್ ಹೇಳಿಸುವವರು ದಾಟುತ್ತಾರೆ, ಉಳಿದವರು ತಮಗೆ ತಲೆ ಇಲ್ಲ ಅಂದುಕೊಂಡು ಹಿಂದಿರುಗುತ್ತಾರೆ.

"ಗಣಿತ ನಾನು ಕಲಿಸ್ತೀನಿ," ಎಂದರು ಭಾವನವರು. "ಪ್ರತಿ ಭಾನುವಾರ ಬೆಳಿಗ್ಗೆ ನಮ್ಮನೆಗೆ ಬರಲಿ. ಸೀಟು ನನ್ನ ಜವಾಬ್ದಾರಿ."

"ಮಾತು ಕೊಡ್ತೀರಾ?"

"ಕೊಟ್ಟೆ."

ಅಪ್ಪ ಕೈಯನ್ನು ಬಟ್ಟೆಗೆ ಒರೆಸಿಕೊಂಡು, ಸಾಲದೆನ್ನಿಸಿ ಸೋಪು ಹಾಕಿ ತೊಳೆದು ಬಂದು, ಭಾವನವರ ಕೈ ಹಿಡಿದರು.

ಯಾಕಮ್ಮ ಭಾವನವರ ಕಾಲೇಜು ಸೇರಿದ ಮೊದಲ ವರ್ಷದ ಆ ಭಾನುವಾರಗಳನ್ನು ನೆನೆದರೆ ಈಗಲೂ ಮನಸ್ಸು ತುಂಬುತ್ತದೆ. ಅಕ್ಕನ ಮನೆಯ ಊಟದ ಮೇಜಿನ ಒಂದು ಬದಿಗೆ ಗಣಿತ, ಇನ್ನೊಂದು ಬದಿಗೆ ತಿಂಡಿ ತಿನ್ನುವ ನಾನು. ಭಾವನವರು ಹಾಳೆಯ ಮೇಲೆ ರೇಖೆ ಎಳೆದು ಅದರ ಓಟ, ಏರು, ಪ್ರಮಾಣ ಎಂದು ಸುತ್ತು ಬಳಸುವಾಗ ಯಾಕಮ್ಮ ನಡುವೆ ಬಾಯಿ ಹಾಕುತ್ತಿದ್ದಳು. "ಸಾರ್, ಎಷ್ಟು ಕಡಿದಾಗಿದೆ ಅಂತ ತಾನೆ? ಏರಲ್ಲಿ ಸೈಕಲ್ ತುಳಿದವರಿಗೆ ಮೊಣಕಾಲೇ ಹೇಳತ್ತೆ."

"ಮೊಣಕಾಲಲ್ಲಿ ಉತ್ತರ ಬರೆಯೋಕಾಗಲ್ಲ, ಕೈಯಲ್ಲಿ ಬರಿ."

"ಬರೀತೀನಿ ಸಾರ್, ಆದ್ರೆ ಯಾಕೆ ಅಂತ ಹೇಳಿ."

ಅಕ್ಕ ಒಳಗಿನಿಂದ ಕೂಗುತ್ತಿದ್ದಳು. "ಯಾಕಮ್ಮಾ, ಅವರಿಗೆ ಉಸಿರಾಡೋಕೆ ಬಿಡೇ! ಟೀ ಕುಡೀರಿ ಇಬ್ಬರೂ." ಟೀ ಆರಿ ತಣ್ಣಗಾಗುತ್ತಿತ್ತು. ಅಕ್ಕ ಅದನ್ನು ಮತ್ತೆ ಬಿಸಿಮಾಡುತ್ತಿದ್ದಳು, ಅದು ಮತ್ತೆ ಆರುತ್ತಿತ್ತು. ತಪ್ಪು ಉತ್ತರ ಬಂದರೆ ಹುಡುಗಿ ಪೆನ್ನಿನ ತುದಿ ಕಚ್ಚಿ ತನಗೆ ತಾನೇ ಬೈದುಕೊಳ್ಳುತ್ತಿದ್ದಳು. ಸರಿ ಉತ್ತರ ಬಂದರೆ ಭಾವನವರು ತಾವೇ ಪಾಸಾದಂತೆ ನನ್ನ ತಟ್ಟೆಯಿಂದ ಒಂದು ಬಿಸ್ಕತ್ತು ಎತ್ತಿ ಅವಳಿಗೆ ಕೊಡುತ್ತಿದ್ದರು. ಆ ವರ್ಷ ನಾನು ತಿಂದ ಬಿಸ್ಕತ್ತು ಕಡಿಮೆ.

ಎಡವಟ್ಟಾದದ್ದು ಎರಡನೇ ವರ್ಷ, ಅದೂ ಒಳ್ಳೆಯ ಉದ್ದೇಶದಿಂದ. ಕೆಟ್ಟ ಉದ್ದೇಶವಿದ್ದಿದ್ದರೆ ಎಲ್ಲರೂ ಸೇರಿ ಬೈದು ತಡೆಯಬಹುದಿತ್ತು.

ಮೊದಲ ವರ್ಷ ಮುಗಿಯುವ ಹೊತ್ತಿಗೆ, ಜೂನಿಯರ್ ಕಾಲೇಜುಗಳಿಗೆ ಹೋಗುವಾಗ ಭಾವನವರು ಒಮ್ಮೆ ಯಾಕಮ್ಮನನ್ನೂ ಕರೆದುಕೊಂಡು ಹೋದರು. ತಾವು ಗಂಟೆಗಟ್ಟಲೆ ಹೇಳಿದರೂ ಮಿಸುಕಾಡದ ಹುಡುಗಿಯರು ಇವಳು ಎದ್ದು, "ನಮ್ಮಪ್ಪಂದು ಪಂಕ್ಚರ್ ಅಂಗಡಿ," ಎಂದ ಕೂಡಲೇ ಬೆನ್ನು ನೆಟ್ಟಗೆ ಮಾಡಿದರು. ಕಾರ್ಯಕ್ರಮ ಮುಗಿದ ಮೇಲೆ ಅವಳನ್ನು ಮುತ್ತಿಕೊಂಡರು. ಅಕ್ಕಾ, ಕಷ್ಟ ಆಗಲ್ವಾ? ಅಕ್ಕಾ, ಹುಡುಗರು ನಗಲ್ವಾ? ಅಕ್ಕಾ, ನಮ್ಮಪ್ಪನಿಗೂ ನಿಮ್ಮ ಸಾರ್ ಹೇಳ್ತಾರಾ? ಮುಂದಿನ ಜೂನ್‌ನಲ್ಲಿ ಅರ್ಥಶಾಸ್ತ್ರದ ತರಗತಿಗೆ ದರ್ಜಿಯ ಮಗಳು, ಗಾರೆ ಕೆಲಸದವರ ಮಗಳು, ಆಸ್ಪತ್ರೆ ಆಯಾಳ ಮಗಳು, ಹೀಗೆ ಒಂದು ಬೆಂಚಿನ ತುಂಬ ಹೆಣ್ಣುಮಕ್ಕಳು ಬಂದು ಕೂತರು. ಪಕ್ಕದ ಕೋಣೆಯಿಂದ ಮುರಿದ ಬೆಂಚೊಂದನ್ನು ಎಳೆತಂದು ಮೊಳೆ ಹೊಡೆಸಬೇಕಾಯಿತು. ಭಾವನವರು ಆ ಬೆಂಚನ್ನು ನೋಡುತ್ತ ನಿಂತಿದ್ದುದನ್ನು ಕಂಡರೆ ಯಾರಾದರೂ ಅದು ಸಿಂಹಾಸನವೆಂದು ತಿಳಿಯಬೇಕು.

ಇದು ಪ್ರಿನ್ಸಿಪಾಲರ ಕಿವಿಗೆ ಬಿತ್ತು. ತಮ್ಮ ಕಾಲೇಜಿನಲ್ಲಿ ಅರ್ಥಶಾಸ್ತ್ರ ವಿಭಾಗವಿದೆಯೆಂಬ ಸಂಗತಿ ಅವರಿಗೆ ಹೊಸದಾಗಿ ತಿಳಿದು ಬಹಳ ಸಂತೋಷವಾಯಿತು. ಸಂತೋಷವಾದರೆ ಅವರು ಸಮಿತಿ ಮಾಡುತ್ತಿದ್ದರು. "ಅವಕಾಶವಂಚಿತ ವಿದ್ಯಾರ್ಥಿಗಳ ಅರ್ಥಶಾಸ್ತ್ರ ಅಧ್ಯಯನ ಪ್ರೋತ್ಸಾಹ ಹಾಗೂ ಮಾರ್ಗದರ್ಶನ ಸಮಿತಿ" ಹುಟ್ಟಿತು. ಹೆಸರೇ ಬ್ಯಾನರಿನ ಅರ್ಧ ನುಂಗಿತು. ಉಳಿದ ಅರ್ಧದಲ್ಲಿ ಯಾಕಮ್ಮನ ಫೋಟೋ. ಮೂಲೆಯಲ್ಲಿ ಸಂಚಾಲಕರು ಎಂದು ಭಾವನವರು, ಅಂಚೆಚೀಟಿಯಷ್ಟು.

ಅಂಚೆಚೀಟಿ ಚಿಕ್ಕದಾದರೂ ಎಲ್ಲೆಡೆ ಅಂಟುತ್ತದೆ. ಭಾವನವರ ನಡಿಗೆ ಬದಲಾಯಿತು. ಸ್ಕೂಟರನ್ನು ಕೂಡ ಸಂಚಾಲಕರ ಹಾಗೆ ಓಡಿಸತೊಡಗಿದರು, ನಿಧಾನವಾಗಿ, ನಡುಬೀದಿಯಲ್ಲಿ. ಮಹಿಳಾ ಸಂಘದವರು ಕರೆದರು, ಬ್ಯಾಂಕಿನವರು ಕರೆದರು, ಪಕ್ಕದೂರಿನ ಕಾಲೇಜಿನವರು ಕರೆದರು. ಎಲ್ಲರಿಗೂ ಯಾಕಮ್ಮ ಬೇಕು. ಎಲ್ಲರಿಗೂ ಭಾನುವಾರವೇ ಬಿಡುವು.

ಊಟದ ಮೇಜು ಅದೇ, ಬೆಳಿಗ್ಗೆಯೂ ಅದೇ. ಮೇಲಿದ್ದ ಹಾಳೆ ಮಾತ್ರ ಬೇರೆ. ಈಗ ಅದರಲ್ಲಿ ಭಾಷಣ.

"ಇಲ್ಲಿ, 'ಟಯರಿನ ಮಸಿಯಿಂದ ಕಪ್ಪಾದ ನನ್ನ ತಂದೆಯ ಕೈಗಳು' ಅಂತ ಹೇಳಿ ಸ್ವಲ್ಪ ನಿಲ್ಲಿಸು," ಎಂದರು ಭಾವನವರು. "ಜನರ ಮನಸ್ಸಿಗೆ ತಟ್ಟಲಿ."

"ಅಪ್ಪ ಕೈ ತೊಳ್ಕೋತಾರೆ ಸಾರ್. ನಮ್ಮನೇಲಿ ಸೋಪಿದೆ."

ನಾನು ನಕ್ಕು ಟೀ ಚೆಲ್ಲಿಕೊಂಡೆ. ಭಾವನವರೂ ನಕ್ಕರು. ಆದರೆ ಆ ಸಾಲು ಭಾಷಣದಲ್ಲಿ ಉಳಿಯಿತು, ನಿಲುಗಡೆಯ ಸಮೇತ.

"ಸಾರ್, ಗಣಿತ?" ಎನ್ನುತ್ತಿದ್ದಳು ಅವಳು, ಹೊರಡುವ ಗಡಿಬಿಡಿಯಲ್ಲಿ.

"ಮುಂದಿನ ವಾರ ಕೂರೋಣಮ್ಮ. ಇವತ್ತಿಂದು ದೊಡ್ಡ ಕಾರ್ಯಕ್ರಮ."

ಮುಂದಿನ ವಾರ ಅದಕ್ಕಿಂತ ದೊಡ್ಡದೊಂದು ಇರುತ್ತಿತ್ತು. ಅವಳು ಇಲ್ಲವೆನ್ನಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅಕ್ಕನೂ ಒಮ್ಮೆ ಕೇಳಿದಳು. ಯಾಕಮ್ಮ ಪಾತ್ರೆ ಒರೆಸಿಡುತ್ತ ಹೇಳಿದಳು: "ಹೇಳೋಣ ಅನ್ಸತ್ತೆ ಆಂಟಿ. ಆದ್ರೆ ಅಲ್ಲಿ ಹೋದ್ರೆ ಆ ಮಕ್ಕಳು ಬಂದು ಕೈ ಹಿಡ್ಕೋತಾರೆ. ನಾನು ಬರಲ್ಲ ಅಂದ್ರೆ ಅವರಿಗೆ ಯಾರು ಹೇಳ್ತಾರೆ? ನಂಗೂ ಯಾರಾದ್ರೂ ಹೇಳಿದ್ದಕ್ಕೆ ತಾನೆ ಬಂದಿದ್ದು." ಇನ್ನೊಂದು ಪಾತ್ರೆ ಎತ್ತಿಕೊಂಡು, "ಚಪ್ಪಾಳೆನೂ ಚೆನ್ನಾಗಿರತ್ತೆ ಆಂಟಿ, ಸುಳ್ಳು ಯಾಕೆ ಹೇಳಲಿ," ಎಂದು ನಕ್ಕಳು.

ಆವತ್ತು ಸಂಜೆ ಅಕ್ಕ ಗಂಡನನ್ನು ತರಾಟೆಗೆ ತೆಗೆದುಕೊಂಡಳು. "ರೀ, ಆ ಹುಡುಗಿಗೆ ಗಣಿತ ಯಾವಾಗ ಹೇಳ್ಕೊಡ್ತೀರಿ?"

"ಹೇಳ್ಕೊಡ್ತೀನಿ. ಬುದ್ಧಿವಂತೆ, ಒಂದು ತಿಂಗಳು ಕೂತರೆ ಮುಗಿಸ್ತಾಳೆ."

"ಆ ತಿಂಗಳು ಯಾವ ಕ್ಯಾಲೆಂಡರಲ್ಲಿದೆ?"

"ನೋಡು, ನೀನು ಸಣ್ಣದಾಗಿ ಯೋಚನೆ ಮಾಡ್ತೀಯ. ಒಬ್ಬಳಿಗೆ ಪಾಠ ಹೇಳೋದು ದೊಡ್ಡದಾ, ಊರಿನ ಮಕ್ಕಳಿಗೆಲ್ಲ ದಾರಿ ತೋರಿಸೋದು ದೊಡ್ಡದಾ?"

"ದಾರಿ ತೋರಿಸೋ ಕಂಬ ಇದ್ದಲ್ಲೇ ನಿಂತಿರತ್ತೆ ರೀ. ಅವಳನ್ನ ಕಂಬ ಮಾಡಿಬಿಟ್ರಿ ನೀವು."

ಭಾವನವರು ನನ್ನ ಮುಖ ನೋಡಿದರು. ನಾನು ಪೇಪರಿನ ಹಿಂದೆ ಅವಿತುಕೊಂಡೆ. ಗಂಡ ಹೆಂಡತಿ ನಡುವೆ ಬಾಯಿ ಹಾಕಬಾರದೆಂಬ ನೀತಿಯನ್ನು ನಾನು ಬೇಕಾದಾಗಲೆಲ್ಲ ಪಾಲಿಸುತ್ತೇನೆ.

ಮೂರನೇ ವರ್ಷವೂ ಹಾಗೇ ಉರುಳಿತು. ಪ್ರವೇಶ ಪರೀಕ್ಷೆ ಹತ್ತಿರ ಬಂದಾಗ ಭಾವನವರು ಎಚ್ಚೆತ್ತು ಕೆಲವು ದಿನ ಬೆಳಿಗ್ಗೆ ಸಂಜೆ ಕೂರಿಸಿದರು. ಬಾಯಾರಿ ಬಿದ್ದವನ ಮೇಲೆ ಕೊಡಗಟ್ಟಲೆ ನೀರು ಸುರಿದಂತೆ. ಒಳಗೆ ಹೋದದ್ದು ಗುಟುಕಷ್ಟೇ. ಪರೀಕ್ಷೆ ಬರೆದು ಬಂದ ಯಾಕಮ್ಮ, "ಥಿಯರಿ ಚೆನ್ನಾಗಾಯ್ತು," ಎಂದಷ್ಟೇ ಹೇಳಿದಳು. ಕೇಳದಿದ್ದರೂ ಉಳಿದರ್ಧದ ಸುದ್ದಿ ತಿಳಿಯಿತು.

ಸೀಟು ಸಿಗಲಿಲ್ಲ.

ಡಿಗ್ರಿಯಲ್ಲಿ ಅವಳೇ ಕಾಲೇಜಿಗೆ ಮೊದಲು. ಆದರೆ ಪ್ರವೇಶ ಪರೀಕ್ಷೆಯಲ್ಲಿ ಗಣಿತ ಅವಳನ್ನು ಪಟ್ಟಿಯಿಂದ ಆಚೆ ತಳ್ಳಿತ್ತು. ಭಾವನವರು ಆ ವಾರವಿಡೀ ಮಂಕಾಗಿದ್ದರು. ಯೂನಿವರ್ಸಿಟಿಯ ಗೆಳೆಯರಿಗೆ ಫೋನು ಹಚ್ಚಿದರು. ಎಲ್ಲರೂ ಬಹಳ ವಿಷಾದಿಸಿದರು. ವಿಷಾದಕ್ಕೆ ಪ್ರವೇಶ ಪರೀಕ್ಷೆಯಿಲ್ಲವಲ್ಲ, ಯಾರು ಬೇಕಾದರೂ ಮಾಡಬಹುದು.

ಅದಾಗಿ ಕೆಲವು ದಿನಕ್ಕೆ, ನಾನು ಅಲ್ಲೇ ಇದ್ದಾಗ, ಫೋನು ಬಂತು. ಮಾತಾಡುತ್ತಿದ್ದಂತೆ ಭಾವನವರ ಮುಖ ಅರಳಿತು. "ಹೌದಾ ಸಾರ್? ಖಂಡಿತ ಸಾರ್! ನಮ್ಮ ಭಾಗ್ಯ ಸಾರ್!" ಎಂದು ಫೋನಿಟ್ಟು, ಅಡುಗೆಮನೆಯ ಕಡೆ ಧಾವಿಸಿದರು. "ಕೇಳಿದ್ಯೇನೇ? ನಮ್ಮ ಯಾಕಮ್ಮನ್ನ ಯೂನಿವರ್ಸಿಟಿಯವರೇ ಕರೀತಿದ್ದಾರೆ! ಅರ್ಥಶಾಸ್ತ್ರ ವಿಭಾಗದ ಮುಖ್ಯಸ್ಥರೇ ಫೋನ್ ಮಾಡಿದ್ದು!"

ಅಕ್ಕ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ಕಣ್ಣು ತುಂಬಿತ್ತು. "ಓದೋಕಾ?"

"ಅಲ್ಲ… ಹೊಸ ವಿದ್ಯಾರ್ಥಿಗಳ ಸ್ವಾಗತ ಸಮಾರಂಭ ಇದೆಯಂತೆ. ಮುಖ್ಯ ಭಾಷಣ…"

ಮಾತು ಅಲ್ಲಿಗೇ ನಿಂತಿತು. ತಮ್ಮ ಬಾಯಿಂದ ಬಂದದ್ದು ಅವರ ಕಿವಿಗೆ ಆಗ ಬಿತ್ತು. ಅಕ್ಕ ಒಳಗೆ ಹೋಗಿ ಒಲೆ ಆರಿಸಿದಳು. ನನ್ನ ಅಕ್ಕ ಮಾತಾಡದೆ ಇದ್ದದ್ದನ್ನು ನಾನು ನೋಡಿದ್ದು ಅಪರೂಪ. ಆವತ್ತಿನ ಆ ಮೌನಕ್ಕಿಂತ ಅವಳ ಬೈಗುಳವೇ ಎಷ್ಟೋ ಹಿತವಾಗಿರುತ್ತಿತ್ತು. ಭಾವನವರು ಕುರ್ಚಿಯ ತುದಿಯಲ್ಲಿ ಕೂತು, ಅಂಗೈಯನ್ನು ಮೇಜಿನ ಮೇಲೆ ಆಡಿಸುತ್ತ, ಅಲ್ಲಿಲ್ಲದ ಹಾಳೆಯನ್ನು ನೇರಮಾಡುತ್ತಿದ್ದರು.

ಮರುದಿನ ಪಂಕ್ಚರ್ ಅಂಗಡಿಗೆ ಹೋದೆವು. ಅಪ್ಪ ಒಂದು ಸ್ಕೂಟರಿನ ಚಕ್ರ ಬಿಚ್ಚುತ್ತಿದ್ದರು. ನಮ್ಮನ್ನು ಕಂಡು ಎದ್ದು, ಕೂರಲು ಏನಿದೆಯೆಂದು ಅತ್ತಿತ್ತ ನೋಡಿದರು. ಪಕ್ಕದ ಅಂಗಡಿಯವನು ಒಂದು ಸ್ಟೂಲು ತಂದಿಟ್ಟು, ಮಾತಿಲ್ಲದೆ, ಟಯರಿನೊಂದಿಗೂ ಮಾತಿಲ್ಲದೆ, ಹೊರಟುಹೋದ.

ಯಾಕಮ್ಮ ಒಳಗಿನಿಂದ ಬಂದಳು. ಭಾವನವರು ಯೂನಿವರ್ಸಿಟಿಯ ಕರೆಯ ವಿಷಯ ಹೇಳಿದರು. ಹೇಳಲೇಬೇಕಿತ್ತಲ್ಲ.

"ಬರ್ತಾಳೆ ಅಂತ ಹೇಳಿಬಿಟ್ರಾ ಸಾರ್?"

"ಹೇಳಿಬಿಟ್ಟೆ ಕಣಮ್ಮ. ಬಾಯಿ ತಪ್ಪಿ."

"ನಾನು ಬರಲ್ಲ ಅಂತ ಹೇಳಿ ಸಾರ್." ಮೊದಲ ಸಲ ಅವಳ ಬಾಯಿಂದ ಆ ಮಾತು ಬಂದಿತ್ತು. ಎಷ್ಟು ಸುಲಭವಾಗಿ ಬಂತೆಂದರೆ ಅವಳಿಗೇ ಆಶ್ಚರ್ಯವಾದಂತಿತ್ತು. ಆಮೇಲೆ ಮೆತ್ತಗೆ ಹೇಳಿದಳು: "ಪರೀಕ್ಷೇಲಿ ಗಣಿತದ ಮೊದಲನೇ ಪ್ರಶ್ನೆ ನೋಡಿ ನಂಗೆ ನಗು ಬಂತು ಸಾರ್. ನಾವು ಶುರು ಮಾಡಿ ಅರ್ಧಕ್ಕೆ ಬಿಟ್ಟ ಪಾಠ ಅದು. ಅವತ್ತು ಮಹಿಳಾ ಸಂಘದವರ ಕಾರು ಬಂದು ಹಾರನ್ ಮಾಡ್ತಿತ್ತು, ನೆನಪಿದೆಯಾ? ಆ ಅರ್ಧ ಬರೆದೆ. ಉಳಿದ ಅರ್ಧ ಬರಲಿಲ್ಲ."

ಭಾವನವರಿಗೆ ನೆನಪಿತ್ತೋ ಇಲ್ಲವೋ. "ಇನ್ನೊಂದು ವರ್ಷ ಕೊಡಿ," ಎಂದು ಅವಳ ಅಪ್ಪನ ಕಡೆ ತಿರುಗಿದರು. "ಒಂದೇ ವರ್ಷ. ಎಲ್ಲ ಬಿಟ್ಟು ಕೂರಿಸ್ತೀನಿ. ಕಾಲಿಗೆ ಬೀಳು ಅಂದ್ರೂ ಬೀಳ್ತೀನಿ."

"ಅಯ್ಯೋ, ಏನು ಮಾತು ಅಂತ ಆಡ್ತೀರಿ ಮೇಷ್ಟ್ರೇ," ಎಂದರು ಅಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ. "ನೀವು ಬೇಕು ಅಂತ ಮಾಡಿದ್ದಲ್ಲ. ನನ್ನ ಮಗಳು ಮೈಕ್ ಮುಂದೆ ನಿಂತಿದ್ದನ್ನ ನಾನೂ ಹೋಗಿ ನೋಡಿದೀನಿ, ಖುಷಿ ಪಟ್ಟಿದೀನಿ. ಆದರೆ ನೀವು ಕೇಳ್ತಿರೋ ವರ್ಷ ನನ್ನದಲ್ಲ. ಅದು ಇವಳ ತಂಗಿಯದು. ಅವಳ ಕೈಯಿಂದ ಕಿತ್ತು ಇವಳಿಗೆ ಹೇಗೆ ಕೊಡಲಿ?"

"ನಾನೇ ಬೇಡ ಅಂದೆ ಸಾರ್," ಎಂದಳು ಯಾಕಮ್ಮ.

ಅವಳು ಬಸ್ ಕಂಪನಿಯ ಕೌಂಟರ್ ಸೇರಿದಳು. ತಂಗಿ ನರ್ಸಿಂಗ್ ಓದಿದಳು. ಅರ್ಥಶಾಸ್ತ್ರದ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತಲಿಲ್ಲ, ಎತ್ತುವ ಧೈರ್ಯ ನಮಗೂ ಇರಲಿಲ್ಲ.

ಭಾವನವರು ಸಮಿತಿಗೆ ರಾಜೀನಾಮೆ ಕೊಟ್ಟರು. ಅವರಿಲ್ಲದೆಯೂ ಸಮಿತಿ ಸೊಂಪಾಗಿ ನಡೆಯಿತು, ಸಮಿತಿಗಳಿಗೆ ಜನ ಬೇಕಿಲ್ಲ. ಯಾಕಮ್ಮನ ಫೋಟೋದ ಬ್ಯಾನರು ಕಾಲೇಜಿನ ಗೇಟಿನ ಮೇಲೆ ಬಿಸಿಲಿಗೆ ಬಿಳಿಚಿಕೊಂಡು ಎಷ್ಟೋ ಕಾಲ ಹಾಗೇ ಇತ್ತು. ಅದರ ಕೆಳಗೇ ದಿನಾ ಹಾದುಹೋಗಬೇಕಾಗಿದ್ದ ಭಾವನವರು ಹಿಂದಿನ ಗೇಟಿನಿಂದ ಓಡಾಡತೊಡಗಿದರು. ಭಾನುವಾರಗಳು ಮತ್ತೆ ಗಣಿತಕ್ಕೆ ಬಂದವು. ದರ್ಜಿಯ ಮಗಳು, ಗಾರೆಯವರ ಮಗಳು, ಆಯಾಳ ಮಗಳು ಊಟದ ಮೇಜಿನ ಸುತ್ತ. ಯಾವ ಸಂಘದ ಕಾರು ಬಂದು ಹಾರನ್ ಹೊಡೆದರೂ ಅಕ್ಕ ಬಾಗಿಲಿಗೆ ಹೋಗಿ, "ಮನೇಲಿಲ್ಲ," ಎಂದು ಒಳಗಿನ ಪಾಠ ಕೇಳಿಸುತ್ತಿರುವಾಗಲೇ ರಾಜಾರೋಷವಾಗಿ ಸುಳ್ಳು ಹೇಳುತ್ತಿದ್ದಳು. ದರ್ಜಿಯ ಮಗಳಿಗೆ ಸೀಟು ಸಿಕ್ಕಿತು. ಗಾರೆಯವರ ಮಗಳಿಗೂ. ಆಮೇಲೆ ಬಂದವರಲ್ಲಿ ಕೆಲವರು ಈಗ ಎಲ್ಲೆಲ್ಲೋ ದೊಡ್ಡ ಕಡೆ ಇದ್ದಾರೆ. ಯಾರಾದರೂ ಅಭಿನಂದಿಸಿದರೆ ಭಾವನವರು, "ಇವರನ್ನೆಲ್ಲ ಕರ್ಕೊಂಡು ಬಂದವಳು ಬೇರೆ," ಎನ್ನುತ್ತಿದ್ದರು. ಕೇಳಿದವರು ಅಕ್ಕನ ಕಡೆ ನೋಡಿ ನಮಸ್ಕರಿಸುತ್ತಿದ್ದರು.

ಹೋದ ವರ್ಷ ಅವರು ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಮಾತಾಡಲು ಎದ್ದವರು ನೇರವಾಗಿ ಹೇಳಿದರು: "ನನ್ನ ಅತ್ಯುತ್ತಮ ವಿದ್ಯಾರ್ಥಿನಿಯನ್ನ ನಾನೇ ಕೆಡಿಸಿದೆ. ಪಾಠ ಹೇಳಬೇಕಾದ ಹೊತ್ತಲ್ಲಿ ಮೆರವಣಿಗೆ ಮಾಡಿದೆ." ಸಭೆಯಲ್ಲಿ ಭಾರಿ ಚಪ್ಪಾಳೆ. ಹೊಸ ಪ್ರಿನ್ಸಿಪಾಲರು ಮೈಕ್ ಹಿಡಿದು, "ನೋಡಿ, ಎಂಥ ವಿನಯ! ಇದನ್ನ ನಾವೆಲ್ಲ ಕಲೀಬೇಕು," ಎಂದು ಗದ್ಗದರಾದರು. ಭಾವನವರು ಮತ್ತೊಮ್ಮೆ ಎದ್ದು, "ವಿನಯ ಅಲ್ಲ ಸ್ವಾಮಿ, ನಿಜ," ಎಂದರು. ಚಪ್ಪಾಳೆ ಇನ್ನೂ ಜೋರಾಯಿತು. ಅಕ್ಕ ನನ್ನ ಕಿವಿಯಲ್ಲಿ, "ಕೂರೋಕೆ ಹೇಳೋ, ಮೂರನೇ ಸಲ ಎದ್ರೆ ಪ್ರತಿಮೆ ಮಾಡಿಸ್ತಾರೆ," ಎಂದಳು.

ಅದಾದ ಮರುದಿನ ಬೆಳಿಗ್ಗೆಯೇ ಭಾವನವರು ಬಂದು, "ಬಾರಯ್ಯ, ಬಸ್ ಸ್ಟ್ಯಾಂಡಿಗೆ ಹೋಗಿಬರೋಣ," ಎಂದರು. ದಾರಿಯಲ್ಲಿ ವಿಷಯ ಹೊರಬಂತು. ಈಗ ಮನೆಯಲ್ಲೇ ಕೂತು ಅಂಚೆ ಮೂಲಕ ಎಂ.ಎ. ಓದಬಹುದು, ಪ್ರವೇಶ ಪರೀಕ್ಷೆಯೂ ಇಲ್ಲ. ತಮಗೀಗ ವಾರವೆಲ್ಲ ಭಾನುವಾರವೇ. ಅವಳು ಹೂಂ ಎಂದರೆ ಸಾಕು, ಅವಳ ಮನೆಗೇ ಹೋಗಿ ಪಾಠ ಹೇಳುತ್ತೇನೆ. ಇದನ್ನು ಹೇಗೆ ಕೇಳಬೇಕೆಂದು ಸಾಲು ಸಾಲಾಗಿ ನನ್ನ ಮುಂದೆ ಒಪ್ಪಿಸಿದರು, ಎಲ್ಲಿ ನಿಲ್ಲಿಸಬೇಕೆಂಬುದನ್ನೂ ಸೇರಿಸಿ.

ಕೌಂಟರಿನ ಮುಂದೆ ಉದ್ದದ ಸಾಲು. ಗಾಜಿನ ಆಚೆ ಯಾಕಮ್ಮ. ಕನ್ನಡಕ ಬಂದಿತ್ತು, ಕಿವಿಯ ಹತ್ತಿರ ಒಂದೆರಡು ಬಿಳಿ ಕೂದಲು. ಒಂದು ಕೈ ಕೀಲಿಮಣೆಯ ಮೇಲೆ, ಕಿವಿಗೂ ಹೆಗಲಿಗೂ ನಡುವೆ ಫೋನು, ಪಕ್ಕದ ಹೊಸ ಹುಡುಗಿಗೆ ಕಣ್ಣಿನಲ್ಲೇ ಸೂಚನೆ. ನಮ್ಮ ಸರದಿ ಬಂದಾಗ ತಲೆ ಎತ್ತಿದವಳು ಎದ್ದೇ ನಿಂತಳು.

"ನಮಸ್ಕಾರ ಸಾರ್! ಆಂಟಿ ಹೇಗಿದ್ದಾರೆ?"

"ಚೆನ್ನಾಗಿದ್ದಾಳಮ್ಮ."

"ಎಲ್ಲಿಗೆ ಸಾರ್?"

ಭಾವನವರು ಬಾಯಿ ತೆರೆದರು. ಏನೂ ಬರಲಿಲ್ಲ. ಹಿಂದಿನಿಂದ ಒಬ್ಬ, "ಯಜಮಾನ್ರೇ, ಬೇಗ ಹೇಳ್ರೀ, ಬಸ್ ನಮ್ಮಪ್ಪಂದಲ್ಲ, ಹೊರಟುಹೋಗತ್ತೆ," ಎಂದು ಗೊಣಗಿದ. ನಾನು ಭಾವನವರ ಬೆನ್ನು ತಟ್ಟಿದೆ. ಅವರು ಗಾಬರಿಯಿಂದ ಅವಳ ತಲೆಯ ಮೇಲಿದ್ದ ಬೋರ್ಡು ನೋಡಿ, ಮೊದಲ ಸಾಲಿನಲ್ಲಿದ್ದ ಊರಿನ ಹೆಸರನ್ನು ಓದಿಬಿಟ್ಟರು.

"ಅಲ್ಲಿ ಯಾರಿದ್ದಾರೆ ಸಾರ್?"

"ಯಾರೂ ಇಲ್ಲ… ಸುಮ್ಮನೆ. ಇಬ್ಬರಿಗೆ."

ಅವಳು ಒಂದು ಕ್ಷಣ ಅವರ ಮುಖವನ್ನೇ ನೋಡಿದಳು. ಅರ್ಥವಾಗಿತ್ತೋ ಏನೋ, ನಾನು ಹೇಳಲಾರೆ.  ಸಾಲು ಅಸಹನೆಯಿಂದ ಮಿಸುಕಿತು. ಟಿಕೆಟು ಹರಿದು ಗಾಜಿನ ಕೆಳಗಿನಿಂದ ತಳ್ಳಿದಳು. "ವಾಪಸ್ ಬಸ್ಸು ಸಂಜೆಗೇ ಸಾರ್. ಬಿಸಿಲು ಬೀಳದ ಕಡೆ ಸೀಟು ಕೊಟ್ಟಿದೀನಿ."

ಬೇರೆ ದಾರಿಯಿಲ್ಲದೆ ಇಬ್ಬರೂ ಬಸ್ಸು ಹತ್ತಿದೆವು. ಗೊತ್ತುಗುರಿಯಿಲ್ಲದ ಊರಿಗೆ, ಕೆಲಸವಿಲ್ಲದ ಪ್ರಯಾಣ. ಬಸ್ಸು ಊರು ದಾಟುವವರೆಗೂ ಭಾವನವರು ಟಿಕೆಟನ್ನು ಮಡಚುತ್ತ ಬಿಚ್ಚುತ್ತ ಕೂತಿದ್ದರು.

"ಕೇಳಬೇಕಿತ್ತು ಕಣಯ್ಯ," ಎಂದರು ಕೊನೆಗೆ.

"ವಾಪಸ್ ಬಂದ ಮೇಲೆ ಕೇಳಿ ಭಾವ."

"ಅಷ್ಟು ಹೊತ್ತಿಗೆ ಅವಳ ಡ್ಯೂಟಿ ಮುಗಿದಿರತ್ತೆ. ಮನೆಗೆ ಹೋಗಿ ಸುಧಾರಿಸ್ಕೊಳ್ಳೋ ಹೊತ್ತಲ್ಲಿ ನಾನು ಮತ್ತೆ ಹೋಗಿ ಪ್ರೋತ್ಸಾಹ ಕೊಡಲಾ?"

ಎದುರು ಬದಿಯ ಸೀಟಿನವರು ಬಿಸಿಲಿಗೆ ಮುಖ ಕಿವುಚಿ, ಟವೆಲನ್ನು ಕಿಟಕಿಗೆ ಸಿಕ್ಕಿಸುತ್ತಿದ್ದರು. ನಮ್ಮ ಕಡೆ ದಾರಿಯುದ್ದಕ್ಕೂ ತಂಪಾಗಿತ್ತು.